ಅರಿಶಿನ ಫೀಡ್‌ಗೆ ಬಿತ್ತು, ತೂಕ ಬಂತಾ?

(ಮಂಡ್ಯದಲ್ಲಿ ಬ್ರಾಯ್ಲರ್ (ಮಾಂಸದ ಕೋಳಿ) ಸಾಕುವವರ ಎದುರು ಪಶುವೈದ್ಯರೊಬ್ಬರು ಆಡಿದ ಮಾತಿನ ಬರಹ ರೂಪ)

ಹೋದ ಮಳೆಗಾಲದಲ್ಲಿ ಪಾಂಡವಪುರದ ಕಡೆಯಿಂದ ಒಬ್ಬರು ಫೋನ್ ಮಾಡಿದರು. "ಸಾರ್, ಫೀಡ್‌ಗೆ ಅರಿಶಿನ ಎಷ್ಟು ಹಾಕ್ಬೇಕು?" ಅಂದರು. ಯಾಕೆ ಹಾಕ್ತೀರಿ ಅಂತ ಕೇಳಿದೆ. "ತೂಕ ಬರ್ತಾ ಇಲ್ಲ ಸಾರ್. ಪಕ್ಕದ ಊರಿನವರು ಹಾಕಿದ್ರಂತೆ, ಚೆನ್ನಾಗಿ ಬಂತಂತೆ." ಟನ್ನಿಗೆ 5 ಕೆ.ಜಿ. ಅಂದುಬಿಟ್ಟಿದ್ದರೆ ಅವರಿಗೂ ಸಮಾಧಾನ, ನನಗೂ ಊಟದ ಹೊತ್ತು. ಯಾಕೋ ಒಂದು ಸಲ ಶೆಡ್ ನೋಡಿಬಿಡೋಣ ಅನ್ನಿಸಿ ಹೋದೆ.

ಕೋಳಿ ನೋಡುವ ಮೊದಲು ಫೀಡ್ ಇಟ್ಟ ಕೋಣೆ ನೋಡಿದೆ. ಮೂಟೆಗಳನ್ನು ಗೋಡೆಗೆ ಒತ್ತಿ ನೆಲದ ಮೇಲೇ ಜೋಡಿಸಿದ್ದರು. ಮೇಲಿನ ಶೀಟು ಒಂದು ಕಡೆ ಸೋರುತ್ತಿತ್ತು. ಕೆಳಗಿನ ಮೂಟೆಯೊಳಗೆ ಕೈ ಹಾಕಿದರೆ ಬೆಚ್ಚಗೆ. ಫೀಡು ಅಲ್ಲಲ್ಲಿ ಗಟ್ಟಿ ಕಟ್ಟಿತ್ತು, ಬೂಷ್ಟಿನ ವಾಸನೆ. ಆ ದಿನ ಬೆಳಿಗ್ಗೆ ಸತ್ತಿದ್ದ ಕೋಳಿಯೊಂದನ್ನು ಕೊಯ್ದು ನೋಡಿದೆವು. ಲಿವರ್ ಕೆಂಪು ಬಿಟ್ಟು ಮಾಸಲು ಹಳದಿಗೆ ತಿರುಗಿತ್ತು, ಊದಿತ್ತು, ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತಿತ್ತು. ಅವರು ಅದನ್ನು ನೋಡಿ, "ಅರಿಶಿನ ಇನ್ನೂ ಹಾಕೇ ಇಲ್ಲ ಸಾರ್, ಆಗಲೇ ಹಳದಿ ಆಗಿದೆಯಲ್ಲ" ಅಂದರು. ನಗು ಬಂತು, ಆದರೆ ನಗುವ ಹೊತ್ತಾಗಿರಲಿಲ್ಲ.

ಅವರಿಗೆ ಅವತ್ತು ಹೇಳಿದ್ದನ್ನೇ ಇವತ್ತು ನಿಮಗೆ ಬಿಡಿಸಿ ಹೇಳುತ್ತೇನೆ. ಅರಿಶಿನ ತೂಕ ತಂದುಕೊಡುವುದಿಲ್ಲ. ಕೋಳಿಗೆ ಬರಬೇಕಾದ ತೂಕ ಎಲ್ಲೋ ಸೋರಿಹೋಗುತ್ತಿದ್ದರೆ, ಆ ಸೋರಿಕೆಯನ್ನು ಒಂದಿಷ್ಟು ತಡೆಯಬಹುದು. ಸೋರಿಕೆಯೇ ಇಲ್ಲದ ಶೆಡ್‌ನಲ್ಲಿ ಅರಿಶಿನಕ್ಕೆ ಮಾಡಲು ಕೆಲಸವೇ ಇರುವುದಿಲ್ಲ. ಹಾಗಾಗಿ ಎಷ್ಟು ಹಾಕಬೇಕು ಅನ್ನುವುದಕ್ಕಿಂತ ಮೊದಲು ಎಲ್ಲಿ ಸೋರುತ್ತಿದೆ ಅಂತ ನೋಡಬೇಕು.

ತೂಕ ಬರುವುದು ಎಲ್ಲಿಂದ? ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು ಒಂದು ಒಳ್ಳೆಯ ಕೆಲಸ ಮಾಡಿ 2014ರಲ್ಲಿ ಪ್ರಕಟಿಸಿದರು. 1957ರ ಕಾಲದ ಬ್ರಾಯ್ಲರ್ ತಳಿಯನ್ನು ಅವರು ಹಾಗೇ ಉಳಿಸಿಕೊಂಡಿದ್ದರು. 1978ರದ್ದೂ ಇತ್ತು. ಅವುಗಳ ಜೊತೆಗೆ 2005ರ ತಳಿಯನ್ನೂ ಸೇರಿಸಿ, ಮೂರಕ್ಕೂ ಒಂದೇ ಫೀಡ್ ಕೊಟ್ಟು ಸಾಕಿದರು. 56ನೇ ದಿನಕ್ಕೆ ತೂಗಿದಾಗ 1957ರ ಕೋಳಿ 905 ಗ್ರಾಂ, 1978ರದ್ದು 1,808 ಗ್ರಾಂ, 2005ರದ್ದು 4,202 ಗ್ರಾಂ. ಅದೇ ಫೀಡ್, ಅದೇ ನೀರು. ನಾಲ್ಕೂವರೆ ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ ಬಂದಿದ್ದು ತಳಿಯಿಂದ. ಮರಿಯ ಒಳಗೇ ಇರುವ ಈ ಶಕ್ತಿಯನ್ನು ಹೊರಗೆ ಬರಲು ಬಿಡಬೇಕು, ನಮ್ಮ ಕೆಲಸ ಅಷ್ಟೇ. ಗಾಳಿ, ನೀರು, ಶಾಖ, ಕೆಡದ ಫೀಡ್, ನೆಲಕ್ಕೆ ಹಾಸಲು ಒಣಗಿದ ಹೊಟ್ಟು.

ಮಾತು ಬಂತು, ಅದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ಮದುವೆ ಮನೆಗೆ ಹೋದರೆ ಪಕ್ಕದಲ್ಲಿ ಕೂತವರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ. "ಡಾಕ್ಟ್ರೇ, ಫಾರಂ ಕೋಳಿಗೆ ಇಂಜೆಕ್ಷನ್ ಕೊಟ್ಟು ಊದಿಸ್ತಾರಂತಲ್ಲ?" ಬೆಳವಣಿಗೆಯ ಹಾರ್ಮೋನ್ ಅನ್ನುವುದು ಪ್ರೋಟೀನ್. ಫೀಡಿನಲ್ಲಿ ಹಾಕಿದರೆ ಹೊಟ್ಟೆಯಲ್ಲಿ ಜೀರ್ಣವಾಗಿ ಹೋಗುತ್ತದೆ. ಸೂಜಿಯಲ್ಲೇ ಕೊಡಬೇಕು, ಪ್ರತಿ ಕೋಳಿಗೂ, ಮತ್ತೆ ಮತ್ತೆ. 5,000 ಕೋಳಿ ಇರುವ ಶೆಡ್‌ನಲ್ಲಿ ಒಂದೊಂದನ್ನೇ ಹಿಡಿದು ಚುಚ್ಚಲು ಆಳು ಯಾರು ಕೊಡುತ್ತಾರೆ? ಬೆಳೆದ ಕೋಳಿ ಹಿಡಿದು ಲಾರಿಗೆ ತುಂಬುವ ಲಿಫ್ಟಿಂಗ್‌ಗೇ ಜನ ಸಿಗುವುದಿಲ್ಲ ನಮಗೆ.

ಹಾಗಿದ್ದರೆ ಈ ಅರಿಶಿನ, ಬೆಳ್ಳುಳ್ಳಿ, ಓಂಕಾಳು ಎಲ್ಲ ಈಗ ಯಾಕೆ ಇಷ್ಟು ಸದ್ದು ಮಾಡುತ್ತಿವೆ? ಅದಕ್ಕೊಂದು ಹಿನ್ನೆಲೆ ಇದೆ. 1940ರ ದಶಕದ ಕೊನೆಯಲ್ಲಿ ಅಮೆರಿಕದ ವಿಜ್ಞಾನಿಗಳು ವಿಟಮಿನ್ ಬಿ-12 ಹುಡುಕುತ್ತಾ, ಆಂಟಿಬಯಾಟಿಕ್ ತಯಾರಿಸಿ ಉಳಿದ ಚರಟವನ್ನು ಮರಿಗಳಿಗೆ ತಿನ್ನಿಸಿದರು. ಮರಿಗಳು ವಿಟಮಿನ್‌ನಿಂದ ಬೆಳೆಯಬೇಕಾದ್ದಕ್ಕಿಂತ ಜಾಸ್ತಿ ಬೆಳೆದವು. ಚರಟದಲ್ಲಿ ಉಳಿದಿದ್ದ ಆಂಟಿಬಯಾಟಿಕ್‌ನ ಕೈವಾಡ ಅಂತ ಗೊತ್ತಾಯಿತು. ಅಲ್ಲಿಂದ ಮುಂದೆ ಕಾಯಿಲೆ ಇಲ್ಲದ ಕೋಳಿಗೂ ಚಿಟಿಕೆ ಚಿಟಿಕೆ ಆಂಟಿಬಯಾಟಿಕ್ ತಿನ್ನಿಸುವುದು ರೂಢಿಯಾಯಿತು. ಅದರ ಫಲ ಏನು? ಔಷಧಿಗೆ ಜಗ್ಗದ ರೋಗಾಣು. ಸ್ವೀಡನ್ 1986ರಲ್ಲೇ ನಿಲ್ಲಿಸಿತು. ಯುರೋಪಿನ ಒಕ್ಕೂಟ 2006ರ ಜನವರಿ 1ರಿಂದ ಪೂರ್ತಿ ನಿಲ್ಲಿಸಿತು. ನಮ್ಮಲ್ಲಿ ಕೊಲಿಸ್ಟಿನ್ ಅನ್ನುವ ಆಂಟಿಬಯಾಟಿಕ್ ಅನ್ನು ಪ್ರಾಣಿಗಳಿಗೆ ಕೊಡಬಾರದು ಅಂತ ಆದೇಶ ಬಂದಿದ್ದು 2019ರಲ್ಲಿ. ಆ ಜಾಗ ತುಂಬಲು ಗಿಡಮೂಲಿಕೆಗಳು ಬಂದವು. ಒಳ್ಳೆಯದೂ ಬಂತು, ಬರೀ ಬಣ್ಣದ ಡಬ್ಬಿಯೂ ಬಂತು.

ಈಗ ಅರಿಶಿನದ ಒಳಗೆ ಏನಿದೆ ನೋಡೋಣ. ಅದರ ಹಳದಿ ಬಣ್ಣಕ್ಕೆ ಕಾರಣ ಕರ್ಕ್ಯುಮಿನ್. ಒಣಗಿದ ಕೊಂಬಿನಲ್ಲಿ ನೂರಕ್ಕೆ 2ರಿಂದ 5 ಭಾಗ ಇರುತ್ತದೆ. ತಳಿಯ ಮೇಲೆ, ಮಣ್ಣಿನ ಮೇಲೆ ಹೆಚ್ಚು ಕಡಿಮೆ ಆಗುತ್ತದೆ. ಇಲ್ಲೇ ಒಂದು ತೊಡಕು. "ಟನ್ನಿಗೆ 5 ಕೆ.ಜಿ. ಅರಿಶಿನ" ಅಂದರೆ 2 ಪರ್ಸೆಂಟಿನ ಪುಡಿಯಲ್ಲಿ 100 ಗ್ರಾಂ ಕರ್ಕ್ಯುಮಿನ್, 5 ಪರ್ಸೆಂಟಿನ ಪುಡಿಯಲ್ಲಿ 250 ಗ್ರಾಂ. ನೀವೂ ನಿಮ್ಮ ಪಕ್ಕದ ಊರಿನವರೂ 5 ಕೆ.ಜಿ. ಹಾಕಿರುತ್ತೀರಿ, ಆದರೆ ಒಂದೇ ಮದ್ದು ಹಾಕಿರುವುದಿಲ್ಲ.

ಕರ್ಕ್ಯುಮಿನ್ ಏನು ಮಾಡುತ್ತದೆ ಅನ್ನುವುದರಲ್ಲಿ ಒಂದಿಷ್ಟು ಕೆಲಸ ನಮ್ಮ ಮೈಸೂರಿನಲ್ಲೇ ಆಗಿದೆ. ಚೆಲುವಾಂಬ ಮ್ಯಾನ್ಶನ್ ಇದೆಯಲ್ಲ, ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ, ಅಲ್ಲಿನ ವಿಜ್ಞಾನಿಗಳು ಸಾಂಬಾರ ಪದಾರ್ಥಗಳನ್ನು ಇಲಿಗಳಿಗೆ ತಿನ್ನಿಸಿ ವರ್ಷಗಟ್ಟಲೆ ನೋಡಿದ್ದಾರೆ. ಕರ್ಕ್ಯುಮಿನ್ ತಿಂದ ಇಲಿಗಳಲ್ಲಿ ಪಿತ್ತರಸ ಚೆನ್ನಾಗಿ ಬರುತ್ತದೆ, ಕೊಬ್ಬು ಜೀರ್ಣ ಮಾಡುವ ರಸಗಳೂ ಏರುತ್ತವೆ. ಮರಿಗೆ ಇದು ಯಾಕೆ ಮುಖ್ಯ? ಮೊದಲ ವಾರಗಳಲ್ಲಿ ಮರಿಯ ಪಿತ್ತರಸ ಕಡಿಮೆ. ಫೀಡಿನಲ್ಲಿ ಎಣ್ಣೆ ಇದ್ದರೂ ಪೂರ್ತಿ ದಕ್ಕುವುದಿಲ್ಲ. ಅರಿಶಿನ ಅಲ್ಲಿ ಸ್ವಲ್ಪ ಕೈಜೋಡಿಸಬಹುದು ಅನ್ನುವುದು ನಂಬುವಂಥ ಮಾತೇ.

ಆದರೆ ಇಲಿಯ ಮಾತನ್ನು ಕೋಳಿಯ ಬಾಯಲ್ಲಿ ಆಡಿಸಬೇಡಿ. ಇದಕ್ಕೊಂದು ಉದಾಹರಣೆ ಬೆಂಗಳೂರಿನದು. ಕರ್ಕ್ಯುಮಿನ್ ತಿಂದರೂ ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಬಹುಪಾಲು ಹಾಗೇ ಹೊರಗೆ ಹೋಗುತ್ತದೆ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 1998ರಲ್ಲಿ ಕರ್ಕ್ಯುಮಿನ್ ಜೊತೆಗೆ ಕರಿಮೆಣಸಿನ ಸತ್ವ ಪೈಪರಿನ್ ಕೊಟ್ಟು ನೋಡಿದರು. ಮನುಷ್ಯರಲ್ಲಿ ದೇಹಕ್ಕೆ ದಕ್ಕಿದ್ದು 2,000 ಪರ್ಸೆಂಟ್ ಏರಿತು. ಅದೇ ಪ್ರಯೋಗದಲ್ಲಿ ಇಲಿಗಳಲ್ಲಿ ಏರಿದ್ದು 154 ಪರ್ಸೆಂಟ್. ಅದೇ ಎರಡು ಪದಾರ್ಥ, ಪ್ರಾಣಿ ಬದಲಾದ ಕೂಡಲೇ ಲೆಕ್ಕ ಎಲ್ಲಿಂದೆಲ್ಲಿಗೆ ಹೋಯಿತು ನೋಡಿ. ಡಬ್ಬಿಯ ಮೇಲೆ "2,000 ಪರ್ಸೆಂಟ್" ಅಂತ ದಪ್ಪ ಅಕ್ಷರದಲ್ಲಿ ಬರೆದಿರುವುದನ್ನು ನೋಡಿದರೆ, ಅದು ಮನುಷ್ಯರ ಲೆಕ್ಕ ಅಂತ ನೆನಪಿಟ್ಟುಕೊಳ್ಳಿ.

ಇನ್ನು ಪಾಂಡವಪುರದ ಆ ಮೂಟೆಗೆ ಬರೋಣ. ನಮ್ಮ ಕಡೆ ಅರಿಶಿನಕ್ಕೆ ನಿಜವಾದ ಕೆಲಸ ಇರುವುದು ಅಲ್ಲಿ ಅಂತ ನನ್ನ ಅನಿಸಿಕೆ.

1960ರಲ್ಲಿ ಇಂಗ್ಲೆಂಡಿನಲ್ಲಿ 1 ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಕಾರಣ ಗೊತ್ತಾಗದೆ ಅದಕ್ಕೆ ಟರ್ಕಿ ಎಕ್ಸ್ ರೋಗ ಅಂತ ಹೆಸರಿಟ್ಟರು. ಹುಡುಕುತ್ತಾ ಹೋದರೆ ಕೊನೆಗೆ ಸಿಕ್ಕಿದ್ದು ಬ್ರೆಜಿಲ್‌ನಿಂದ ಬಂದ ಕಡಲೆಕಾಯಿ ಹಿಂಡಿ. ಆ ಹಿಂಡಿಯಲ್ಲಿ ಆಸ್ಪರ್ಜಿಲಸ್ ಫ್ಲೇವಸ್ ಅನ್ನುವ ಬೂಷ್ಟು ಬೆಳೆದಿತ್ತು. ಆ ಹೆಸರಿನಿಂದಲೇ ವಿಷಕ್ಕೆ ಅಫ್ಲಾಟಾಕ್ಸಿನ್ ಅಂತ ಹೆಸರು ಬಂತು. ಮುಸುಕಿನ ಜೋಳ ಸರಿಯಾಗಿ ಒಣಗದಿದ್ದರೆ ಅದರಲ್ಲೂ ಇದೇ ಕಥೆ. ನಮ್ಮದು ಭತ್ತ, ಕಬ್ಬು, ರಾಗಿಯ ಸೀಮೆ. ಫೀಡಿನ ಜೋಳ ಬಹುಪಾಲು ದಾವಣಗೆರೆ, ಹಾವೇರಿ ಕಡೆಯಿಂದ ಲಾರಿಯಲ್ಲಿ ಬರುತ್ತದೆ. ಕೊಯ್ಲಿನ ಹೊತ್ತಿಗೆ ಅಲ್ಲಿ ಮಳೆ ಹಿಡಿದರೆ ಅದರ ಬಿಸಿ ತಟ್ಟುವುದು ಇಲ್ಲಿನ ಶೆಡ್‌ಗೆ.

ಒಂದು ತಪ್ಪು ತಿಳುವಳಿಕೆ ತುಂಬಾ ಜನರಲ್ಲಿದೆ. ಬಿಸಿಲಿಗೆ ಹಾಕಿ ಒಣಗಿಸಿದರೆ ಸರಿಹೋಗುತ್ತದೆ ಅಂತ. ಬಿಸಿಲಿಗೆ ಬೂಷ್ಟು ಸಾಯಬಹುದು, ಅದು ಬಿಟ್ಟುಹೋದ ವಿಷ ಅಲ್ಲೇ ಇರುತ್ತದೆ. ಫೀಡನ್ನು ಒತ್ತಿ ಪೆಲೆಟ್ (ಗುಳಿಗೆ) ಮಾಡುವಾಗಿನ ಬಿಸಿಗೂ ಹೋಗುವುದಿಲ್ಲ. ಇಲಿಯನ್ನು ಓಡಿಸಿದರೆ ಅದು ಕಡಿದ ಸೀರೆ ಕೂಡಿಕೊಳ್ಳುತ್ತದಾ?

ಈ ವಿಷ ಮೊದಲು ಕೈ ಹಾಕುವುದು ಲಿವರ್‌ಗೆ. ಪಿತ್ತರಸ ಕಡಿಮೆ ಆಗುತ್ತದೆ, ತಿಂದಿದ್ದು ದಕ್ಕುವುದಿಲ್ಲ, ಎಫ್‌ಸಿಆರ್, ಅಂದರೆ ಒಂದು ಕೆ.ಜಿ. ತೂಕ ಬರಲು ತಿನ್ನುವ ಫೀಡಿನ ಲೆಕ್ಕ, ಏರುತ್ತದೆ. ರೋಗ ತಡೆಯುವ ಶಕ್ತಿಯೂ ಕುಗ್ಗುತ್ತದೆ. ಲಸಿಕೆ ಹಾಕಿಸಿದ್ದರೂ ರಾಣಿಖೇತ್ ರೋಗ ಬಂತು ಅಂತ ಲಸಿಕೆಯನ್ನು ಬೈಯುತ್ತೇವೆ. ಕೆಲವು ಸಲ ಕಳ್ಳ ಫೀಡಿನ ಕೋಣೆಯಲ್ಲಿ ಕೂತಿರುತ್ತಾನೆ. ಇನ್ನೂ ಕೆಟ್ಟ ವಿಷಯ ಏನೆಂದರೆ, ಸ್ವಲ್ಪ ಸ್ವಲ್ಪವೇ ಸೇರಿದಾಗ ಕೋಳಿ ಸಾಯುವುದೇ ಇಲ್ಲ. 100 ಗ್ರಾಂ ತೂಕ ಕಡಿಮೆ ಬಂದು, ಸುಮ್ನೆ ಓಡಾಡಿಕೊಂಡಿರುತ್ತದೆ. ಯಾರಿಗೂ ಅನುಮಾನ ಬರುವುದಿಲ್ಲ.

ಬೆಂಗಳೂರಿನ ಆಡುಗೋಡಿಯಲ್ಲಿ ರಾಷ್ಟ್ರೀಯ ಪಶು ಪೋಷಣೆ ಸಂಸ್ಥೆ ಇದೆ. ಅಲ್ಲಿನ ವಿಜ್ಞಾನಿಯೊಬ್ಬರು ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದವರ ಜೊತೆ ಸೇರಿ ಮಾಡಿದ ಪ್ರಯೋಗ 2008ರಲ್ಲಿ ಪ್ರಕಟವಾಯಿತು. ಬ್ರಾಯ್ಲರ್ ಮರಿಗಳಿಗೆ ಬೇಕೆಂದೇ ಅಫ್ಲಾಟಾಕ್ಸಿನ್ ಸೇರಿಸಿದ ಫೀಡ್ ಕೊಟ್ಟರು. ಕೆಲವು ಗುಂಪಿಗೆ ಅದರ ಜೊತೆ ಅರಿಶಿನ ಪುಡಿ, ಕೆಲವಕ್ಕೆ ಜೇಡಿಯಂಥ ಟಾಕ್ಸಿನ್ ಬೈಂಡರ್, ಕೆಲವಕ್ಕೆ ಎರಡೂ. ವಿಷ ಮಾತ್ರ ತಿಂದ ಮರಿಗಳಿಗಿಂತ ಅರಿಶಿನವೂ ಸಿಕ್ಕಿದ ಮರಿಗಳು ಚೆನ್ನಾಗಿ ತೂಕ ಹಾಕಿದವು. ಅರಿಶಿನ, ಬೈಂಡರ್ ಎರಡೂ ಸಿಕ್ಕ ಕಡೆ ಲಿವರ್‌ಗೆ ಆದ ಗಾಯವೂ ಕಡಿಮೆ ಇತ್ತು. ಎರಡರ ದಾರಿ ಬೇರೆ ಬೇರೆ. ಬೈಂಡರ್ ಕರುಳಲ್ಲೇ ವಿಷವನ್ನು ಹಿಡಿದುಕೊಂಡು ಹೊರಗೆ ಹೋಗುತ್ತದೆ. ತಪ್ಪಿಸಿಕೊಂಡು ಲಿವರ್ ತಲುಪಿದ ವಿಷ ಅಲ್ಲಿ ಮಾಡುವ ಹಾನಿಯನ್ನು ತಗ್ಗಿಸುವ ಕೆಲಸ ಅರಿಶಿನದ್ದು. ಬಾಗಿಲ ಕಾವಲುಗಾರನೇ ಬೇರೆ, ಒಳಗಿನ ಬೆಂಕಿಗೆ ನೀರು ಹಾಕುವವನೇ ಬೇರೆ.

ಇದನ್ನು ಕೇಳಿ ಬೂಷ್ಟು ಹಿಡಿದ ಫೀಡ್‌ಗೆ ಅರಿಶಿನ ಬೆರೆಸಿ ತಿನ್ನಿಸಬಹುದು ಅಂತ ಯಾರೂ ಮನೆಗೆ ಹೋಗಬೇಡಿ. ಅಂಥ ಮೂಟೆ ಶೆಡ್ ಒಳಗೆ ಬರಲೇಬಾರದು. ಹಲಗೆ ಮೇಲೆ ಇಡಿ, ಗೋಡೆಯಿಂದ ಒಂದು ಅಡಿ ಬಿಡಿ, ಮಳೆಗಾಲದಲ್ಲಿ ಹತ್ತು ದಿನಕ್ಕಿಂತ ಜಾಸ್ತಿ ದಾಸ್ತಾನು ಇಡಬೇಡಿ. ಇವಕ್ಕೆಲ್ಲ ಅರಿಶಿನಕ್ಕಿಂತ ಕಡಿಮೆ ಖರ್ಚು.

ಖರ್ಚಿನ ಮಾತು ಬಂತಲ್ಲ, ಲೆಕ್ಕ ಹಾಕಿಬಿಡೋಣ. ಬೆಲೆ ದಿನಾ ಏರಿಳಿಯುತ್ತದೆ, ನಾನು ಲೆಕ್ಕಕ್ಕೆ ಅಂತ ಒಂದು ಸಂಖ್ಯೆ ಹಿಡಿಯುತ್ತೇನೆ. ನೀವು ನಿಮ್ಮ ಬೆಲೆ ಹಾಕಿಕೊಳ್ಳಿ. 3,000 ಕೋಳಿ. ಒಂದೊಂದು 3.6 ಕೆ.ಜಿ. ಫೀಡ್ ತಿಂದು 2.2 ಕೆ.ಜಿ. ತೂಗಿತು ಅಂದುಕೊಳ್ಳಿ. ಎಫ್‌ಸಿಆರ್ 1.64. ಒಟ್ಟು ಫೀಡ್ 10,800 ಕೆ.ಜಿ. ಟನ್ನಿಗೆ 5 ಕೆ.ಜಿ.ಯಂತೆ ಅರಿಶಿನ 54 ಕೆ.ಜಿ. ಕೆ.ಜಿ.ಗೆ 200 ರೂಪಾಯಿ ಅಂದರೆ 10,800 ರೂಪಾಯಿ, ಅಂದರೆ ಕೋಳಿಗೆ 3 ರೂಪಾಯಿ 60 ಪೈಸೆ. ಫೀಡ್ ಕೆ.ಜಿ.ಗೆ 40 ರೂಪಾಯಿ ಇದ್ದರೆ, ಪ್ರತಿ ಕೋಳಿಯೂ ಅದೇ ತೂಕಕ್ಕೆ 90 ಗ್ರಾಂ ಫೀಡ್ ಕಡಿಮೆ ತಿಂದರೆ ಮಾತ್ರ ಹಾಕಿದ ದುಡ್ಡು ವಾಪಸ್. ಎಫ್‌ಸಿಆರ್ 1.60ಕ್ಕೆ ಇಳಿಯಬೇಕು. ಅದು ಬರೀ ಅಸಲು. ಲಾಭ ಅದರ ಆಚೆಗೆ.

ಅದೇ ಮೊದಲ 21 ದಿನ ಮಾತ್ರ ಹಾಕಿದರೆ? ಅಷ್ಟರಲ್ಲಿ ಒಂದು ಮರಿ ಸುಮಾರು 1.2 ಕೆ.ಜಿ. ತಿನ್ನುತ್ತದೆ. ಅರಿಶಿನ 18 ಕೆ.ಜಿ., ಖರ್ಚು 3,600 ರೂಪಾಯಿ, ಮರಿಗೆ 1 ರೂಪಾಯಿ 20 ಪೈಸೆ. 30 ಗ್ರಾಂ ಫೀಡ್ ಉಳಿದರೆ ಸರಿಹೋಯಿತು. ಲಿವರ್, ಕರುಳು ಎರಡೂ ಎಳೆಯದಾಗಿರುವ ಹೊತ್ತು ಅದು. ಹಾಕಲೇಬೇಕು ಅನ್ನುವವರಿಗೆ ನಾನು ಹೇಳುವುದು ಈ ಮೂರು ವಾರ. ಕೊನೆಯ ಹಂತದ ಫೀಡ್ ಆದ ಫಿನಿಷರ್‌ನಲ್ಲಿ ಅರಿಶಿನ ಸುರಿಯುವುದು ಗೊಬ್ಬರದ ಗುಂಡಿಗೆ ಸುರಿದ ಹಾಗೆ ಅಂತ ನನಗೆ ಅನ್ನಿಸುತ್ತದೆ. ಕಬ್ಬಿನ ಗದ್ದೆಗೆ ಹಳದಿ ಗೊಬ್ಬರ ಹೋಗುತ್ತದೆ, ಅಷ್ಟೇ.

30 ಗ್ರಾಂ ಉಳಿಯಿತೋ ಇಲ್ಲವೋ ಗೊತ್ತಾಗುವುದು ಹೇಗೆ? ಇಲ್ಲಿ ನನ್ನದೇ ಒಂದು ತಪ್ಪು ಒಪ್ಪಿಕೊಳ್ಳಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮದ್ದೂರಿನ ಹತ್ತಿರ ಒಂದು ಶೆಡ್‌ನಲ್ಲಿ ಲಿವರ್ ಟಾನಿಕ್ ಕೊಟ್ಟು ನೋಡಿದೆವು. ಅರ್ಧ ಶೆಡ್‌ಗೆ ಕೊಟ್ಟೆವು, ಅರ್ಧಕ್ಕೆ ಇಲ್ಲ. ಕೊನೆಗೆ ಆ ಕಡೆ ಹತ್ತು, ಈ ಕಡೆ ಹತ್ತು ಕೋಳಿ ಹಿಡಿದು ತೂಗಿದೆ. ಟಾನಿಕ್ ಕುಡಿದ ಕಡೆ ಸರಾಸರಿ 60 ಗ್ರಾಂ ಜಾಸ್ತಿ. ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಬಂದೆ. ಆಮೇಲೆ ಮೂರು ಶೆಡ್‌ನಲ್ಲಿ ಕೊಟ್ಟರೆ ಏನೂ ಇಲ್ಲ. ಆ ರೈತರು ನನ್ನನ್ನು ಬೈಯಲಿಲ್ಲ, ಕಾಫಿ ಕೊಟ್ಟರು. ಅದು ಬೈದದ್ದಕ್ಕಿಂತ ಜಾಸ್ತಿ ಚುಚ್ಚಿತು.

ತಪ್ಪಿದ್ದು ಎಲ್ಲಿ? ಒಂದೇ ದಿನದ, ಒಂದೇ ಫೀಡಿನ ಕೋಳಿಗಳಲ್ಲೂ ತೂಕ ಒಂದೇ ಇರುವುದಿಲ್ಲ. ಸರಾಸರಿ 2,200 ಗ್ರಾಂ ಇರುವ ಗುಂಪಿನಲ್ಲಿ ಮೂರರಲ್ಲಿ ಎರಡು ಪಾಲು ಕೋಳಿ 2,000ದಿಂದ 2,400ರ ನಡುವೆ ಇರುತ್ತವೆ, ಉಳಿದವು ಅದರ ಆಚೀಚೆ. ಹುಂಜಗಳು ಜಾಸ್ತಿ ತೂಗುತ್ತವೆ. ಹತ್ತರಲ್ಲಿ ಎರಡು ಹುಂಜ ಜಾಸ್ತಿ ಸಿಕ್ಕರೂ ಸರಾಸರಿ ಏರಿಬಿಡುತ್ತದೆ. ಹತ್ತು ಹತ್ತು ತೂಗಿದರೆ 100 ಗ್ರಾಂ ವ್ಯತ್ಯಾಸ ಏನೂ ಹಾಕದೆಯೂ ಬರಬಹುದು. ನೂರು ನೂರು ತೂಗಿದರೆ ಆ ಆಟ ಸುಮಾರು 30 ಗ್ರಾಂಗೆ ಇಳಿಯುತ್ತದೆ. 60 ದಾಟಿದರೆ ಆಗ ಹುಬ್ಬೇರಿಸಿ.

ಹಾಗಾಗಿ ಶೆಡ್ ನಡುವೆ ಬಲೆ ಕಟ್ಟಿ. ಒಂದೇ ಹ್ಯಾಚರಿಯ, ಒಂದೇ ದಿನದ ಮರಿಗಳನ್ನು ಎಣಿಸಿ ಎರಡೂ ಕಡೆ ಬಿಡಿ. ಒಂದು ಕಡೆಗೆ ಮಾತ್ರ ಅರಿಶಿನ. ಎರಡೂ ಕಡೆಯ ಫೀಡ್ ಮೂಟೆ ಬೇರೆ ಬೇರೆ ಎಣಿಸಿ ಬರೆಯಿರಿ. ತೂಗುವಾಗ ಕೈಗೆ ಸಿಕ್ಕಿದ್ದನ್ನು ಹಿಡಿಯಬೇಡಿ, ಕೈಗೆ ಸಿಗುವುದು ಸೋಮಾರಿ ಕೋಳಿ. ತಗಡಿನ ಸುತ್ತು ಹಾಕಿ ಒಂದು ಗುಂಪನ್ನು ಒಳಗೆ ಮಾಡಿಕೊಂಡು, ಒಳಗಿದ್ದ ಎಲ್ಲವನ್ನೂ ತೂಗಿ. ಮುಂದಿನ ಬ್ಯಾಚ್‌ಗೆ ಕಡೆ ಬದಲಾಯಿಸಿ, ಯಾಕೆಂದರೆ ಪಡುವಣ ಕಡೆಗೆ ಮಧ್ಯಾಹ್ನದ ಬಿಸಿಲು ಜಾಸ್ತಿ.

"ಹೋದ ಬ್ಯಾಚ್‌ಗೆ ಹಾಕಿರಲಿಲ್ಲ, ಈ ಬ್ಯಾಚ್‌ಗೆ ಹಾಕಿದೆ, 150 ಗ್ರಾಂ ಜಾಸ್ತಿ ಬಂತು" ಅನ್ನುವುದು ಲೆಕ್ಕ ಅಲ್ಲ. ಹೋದ ಬ್ಯಾಚ್ ಮೇ ತಿಂಗಳಲ್ಲಿ ಬಾಯಿ ತೆರೆದು ಏದುಸಿರು ಬಿಡುತ್ತಿತ್ತು, ಈ ಬ್ಯಾಚ್ ಆಗಸ್ಟ್‌ನ ತಂಪಿನಲ್ಲಿ ಬೆಳೆದಿದೆ. ಮರಿಯ ತಾಯಿ ಕೋಳಿ ಎಳೆಯದಾದರೆ ಮೊಟ್ಟೆ ಸಣ್ಣದು, ಮರಿಯೂ ಸಣ್ಣದು. ಇಷ್ಟೆಲ್ಲ ಬದಲಾಗಿರುವಾಗ ಅರಿಶಿನಕ್ಕೆ ಮಾತ್ರ ಹಾರ ಹಾಕುವುದು ಯಾವ ನ್ಯಾಯ?

ಹಾಕುವ ರೀತಿ ಬಗ್ಗೆ ಎರಡು ಮಾತು. ಅರಿಶಿನ ನೀರಿನಲ್ಲಿ ಕರಗುವುದಿಲ್ಲ. ಮೊದಲ ದಿನ ಮರಿಗೆ ಬೆಲ್ಲದ ನೀರು ಕೊಡುತ್ತೀರಲ್ಲ, ಹಾಗೆಯೇ ಇದನ್ನೂ ಟ್ಯಾಂಕಿಗೆ ಕಲಸಿದವರನ್ನು ನೋಡಿದ್ದೇನೆ. ಪುಡಿ ಪೈಪಿನಲ್ಲಿ ಕೂತು, ಮರಿ ನೀರು ಕುಡಿಯುವ ನಿಪ್ಪಲ್ ಕಟ್ಟಿತು. ರಾತ್ರಿಯೆಲ್ಲ ನೀರಿಲ್ಲದೆ ಬೆಳಿಗ್ಗೆಗೆ ಮರಿಗಳು ಸೊರಗಿದ್ದವು. ಪೆಲೆಟ್, ಕ್ರಂಬಲ್ (ಪೆಲೆಟ್‌ನ ನುಚ್ಚು) ಮೇಲೆ ಉದುರಿಸಿದರೂ ಅದು ಜಾರಿ ತಟ್ಟೆಯ ತಳ ಸೇರುತ್ತದೆ. ಮ್ಯಾಶ್, ಅಂದರೆ ಪುಡಿ ಫೀಡ್, ಮಾಡಿಕೊಳ್ಳುವವರು ಮಾತ್ರ ಬೆರೆಸಬಹುದು. 5 ಕೆ.ಜಿ.ಯನ್ನು ಒಂದೇ ಸಲ ಟನ್ನಿಗೆ ಸುರಿಯಬೇಡಿ. ಮೊದಲು 20 ಕೆ.ಜಿ. ಜೋಳದ ನುಚ್ಚಿಗೆ, ಅದನ್ನು 100 ಕೆ.ಜಿ.ಗೆ, ಆಮೇಲೆ ಉಳಿದದ್ದಕ್ಕೆ.

ಕೆಲವರು ಪ್ರಶ್ನೆ ಬರೆದು ಕೊಟ್ಟಿದ್ದಾರೆ.

"ಕಂಪನಿಯವರ ಮರಿ ಸಾಕುವವರು ನಾವು. ಫೀಡ್‌ಗೆ ಕೈ ಹಾಕಬಹುದಾ?" ಬೇಡ. ಮರಿ ಅವರದು, ಫೀಡ್ ಅವರದು. ಏನಾದರೂ ಹೆಚ್ಚು ಕಡಿಮೆ ಆದರೆ ನಿಮ್ಮ ಅರಿಶಿನವೇ ಅಪರಾಧಿ ಆಗುತ್ತದೆ. ಸೂಪರ್‌ವೈಸರ್ ಬಂದಾಗ ಕೇಳಿ. ಗಟ್ಟಿ ಕಟ್ಟಿದ ಫೀಡ್ ಬಂದರೆ ಮೂಟೆಯ ಫೋಟೋ ತೆಗೆದು ಅವತ್ತೇ ತಿಳಿಸಿ.

"ಅರಿಶಿನ ತಿಂದರೆ ರಕ್ತಭೇದಿ ನಿಲ್ಲುತ್ತದಾ?" ನಂಬಿ ಕೂರಬೇಡಿ. ರಕ್ತಭೇದಿ ತರುವ ಕಾಕ್ಸಿಡಿಯೋಸಿಸ್‌ಗೆ ಔಷಧಿ ಬೇರೆ ಇದೆ, ಮೊದಲು ಒದ್ದೆ ಹೊಟ್ಟು ತೆಗೆಯಿರಿ.

"ಮಾಂಸ ಹಳದಿ ಆಗುತ್ತದಾ?" ಇಲ್ಲ. ಕೋಳಿಯ ಚರ್ಮ, ಕೊಬ್ಬಿಗೆ ಹಳದಿ ಬರುವುದು ಮುಸುಕಿನ ಜೋಳದ ಬಣ್ಣದಿಂದ. ಅರಿಶಿನದ ಬಣ್ಣ ಹಾಗೆ ಕೂಡಿಕೊಳ್ಳುವುದಿಲ್ಲ.

"ಅಂಗಡಿ ಪುಡಿ ತರಬಹುದಾ?" ಬಿಡಿ ಪುಡಿ ಬೇಡ. ಬಣ್ಣ ಎದ್ದು ಕಾಣಲಿ ಅಂತ ಲೆಡ್ ಕ್ರೋಮೇಟ್, ಮೆಟಾನಿಲ್ ಹಳದಿ ಬೆರೆಸುವವರಿದ್ದಾರೆ. ಲೆಡ್ ಅಂದರೆ ಸೀಸ. ಅದು ಕೋಳಿಗೆ ಹೋದರೆ ತಿನ್ನುವವರಿಗೂ ಬರುತ್ತದೆ. ಚಾಮರಾಜನಗರ, ಗುಂಡ್ಲುಪೇಟೆ ಕಡೆ ಬೆಳೆಯುವವರಿದ್ದಾರೆ, ಕೊಂಬು ತಂದು ನೀವೇ ಬೀಸಿಸಿಕೊಳ್ಳಿ. ಮುರಿದು ನೋಡಿ, ಒಳಗೂ ಬೂಷ್ಟು ಇರಬಾರದು.

ಮೆಣಸಿನಕಾಯಿ ಬೀಸಿದ ಗಿರಣಿಯಲ್ಲೇ ಬೀಸಿದರೆ ಖಾರ ಆಗುವುದಿಲ್ಲವಾ ಅಂತ ಹಿಂದಿನ ಸಾಲಿನಿಂದ ಅಮ್ಮ ಒಬ್ಬರು ಕೇಳುತ್ತಿದ್ದಾರೆ. ಕೋಳಿಗೆ ಮೆಣಸಿನಕಾಯಿಯ ಖಾರ ಗೊತ್ತೇ ಆಗುವುದಿಲ್ಲ ತಾಯಿ, ಹಕ್ಕಿಗಳ ನಾಲಿಗೆಗೆ ಅದು ಉರಿಯುವುದಿಲ್ಲ. ಮೂಟೆ ಬಿಚ್ಚಿ ಬೆರೆಸುವವರು ಮೂಗಿಗೆ ಒಂದು ಟವೆಲ್ ಕಟ್ಟಿಕೊಂಡರೆ ಸಾಕು.